ಹೀರೇಕಾಯಿ ತರದ ಮನೆ

ಜುಲೈ ೧೮, ಶುಕ್ರವಾರ

ಈ ಡೈರಿ ಯಾರೋ ವಿಮೆ ಏಜೆಂಟರು ಮಾವನವರಿಗೆ ಜನವರಿಯಲ್ಲಿ ಕೊಟ್ಟದ್ದು. ಆರು ತಿಂಗಳು ಖಾಲಿ ಬಿದ್ದಿತ್ತು, ಎತ್ತಿಕೊಂಡೆ. ಈ ಮನೆಯಲ್ಲಿ ನನ್ನದು ಅಂತ ಬೀಗ ಹಾಕಿಕೊಳ್ಳುವ ಜಾಗವಿಲ್ಲ. ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟುಕೊಂಡರಾಯಿತು.

ಮದುವೆಯಾಗಿ ಹದಿನಾಲ್ಕು ತಿಂಗಳು. ಮಂಡಕಳ್ಳಿಯಲ್ಲಿ ಇಡ್ಲಿ ಹೋಟೆಲು ನಡೆಸುವ ಇಂದ್ರಮ್ಮನ ಮಗಳು ಗಗನ, ಚಾಮರಾಜಪುರಂನ ಇಂಥ ಮಡಿಯ ಮನೆಯಲ್ಲಿ ಎಷ್ಟು ದಿನ ಬಾಳುತ್ತಾಳೆ ಅಂತ ನನ್ನ ಗಂಡ ವಾಗೀಶನ ನೆಂಟರು ಮಾತಾಡಿಕೊಂಡರಂತೆ. ಬಾಳುತ್ತಿದ್ದೇನೆ. ಅತ್ತೆ ರಮಾಮಣಿ ಒಂದು ದಿನವೂ ಜಾತಿ ಎತ್ತಿ ಮಾತಾಡಿದವರಲ್ಲ. ತಿಂಗಳು ತಿಂಗಳು ಕ್ಯಾಲೆಂಡರ್ ಮಾತ್ರ ನೋಡುತ್ತಾರೆ. ನಾನು ಹೊರಗಾದ ದಿನ ಏನೂ ಅನ್ನದೆ ಒಂದು ನಿಟ್ಟುಸಿರು ಬಿಡುತ್ತಾರೆ. ಅದು ನಡುಮನೆಯಿಂದ ನಮ್ಮ ಕೋಣೆಯವರೆಗೂ ಕೇಳಿಸುತ್ತದೆ.

ನಾನು ಟೀಚರಾಗಿರುವ ಶಾಲೆಯಲ್ಲಿ ಹೋದ ತಿಂಗಳು ಯುಕೆಜಿಯ ಒಂದು ಮಗುವಿಗೆ ಮೈಯೆಲ್ಲ ದದ್ದು ಎದ್ದು, ಅದು ರುಬೆಲ್ಲಾ ಅಂತ ಗೊತ್ತಾಯಿತು. ಅದಕ್ಕೇ ಇವತ್ತು ಡಾಕ್ಟರ್ ಚಾಮುಂಡೇಶ್ವರಿ ಬಂದು, ಮಕ್ಕಳಾಗುವ ವಯಸ್ಸಿನ ಟೀಚರುಗಳಿಗೆಲ್ಲ ರಕ್ತ ಪರೀಕ್ಷೆ ಮಾಡಿಸಿದರು. ನನಗೆ ಮೂರು ವರ್ಷಕ್ಕೇ ಅಮ್ಮ ಬಂದು ಹೋಗಿದೆ ಮೇಡಂ, ಇನ್ನು ಬರಲ್ಲ ಎಂದೆ.

"ಯಾವ ಅಮ್ಮ? ದಡಾರಾನೋ, ಸೀತಾಳೆ ಸಿಡುಬೋ, ರುಬೆಲ್ಲಾನೋ? ನಮ್ಮ ಜನ ಎಲ್ಲಕ್ಕೂ ಅಮ್ಮ ಅಂದ್ಬಿಟ್ಟು ಕೈ ಮುಗೀತಾರೆ. ಕೈ ಚಾಚಮ್ಮ ಸುಮ್ನೆ."

ಚಾಚಿದೆ. ಬರೆಯುತ್ತಿರುವಾಗಲೇ ದೀಪ ಮೂರು ಸಲ ಆರಿ ಹತ್ತಿತು. ಇದು ವಾಗೀಶನ ತಂಗಿ ಲಹರಿಯ ಕೆಲಸ. ಆಕೆಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಯಾರನ್ನಾದರೂ ಕರೆಯಬೇಕೆಂದರೆ ಸ್ವಿಚ್ಚು ಟಪಟಪ ಒತ್ತುತ್ತಾಳೆ. ನನಗಿಂತ ಒಂದು ವರ್ಷ ದೊಡ್ಡವಳು, ನಾನು ಅತ್ತಿಗೆ. ಊಟಕ್ಕೆ ಕರೆಯುತ್ತಿದ್ದಾಳೆ. ಈ ಸ್ವಿಚ್ಚಿನ ಕಾಟ ನನಗೆ ಸ್ವಲ್ಪವೂ ಅಭ್ಯಾಸವಾಗಿಲ್ಲ.

ಜುಲೈ ೩೦, ಬುಧವಾರ

ರಿಪೋರ್ಟ್ ಬಂತು. ನನ್ನ ರಕ್ತದಲ್ಲಿ ರುಬೆಲ್ಲಾ ತಡೆಯುವ ಶಕ್ತಿ ಇಲ್ಲವಂತೆ. ಅಂದರೆ ನನಗೆ ಬಂದಿದ್ದ ಅಮ್ಮ ಬೇರೆ ಅಮ್ಮ. ಹನ್ನೊಂದು ಟೀಚರುಗಳಲ್ಲಿ ಮೂವರಿಗೆ ಹೀಗಾಗಿದೆ. ಮೂವರೂ ಲಸಿಕೆಗೆ ಸಾಲಿನಲ್ಲಿ ನಿಂತೆವು. ಕೈಗೆ ಒಂದು ಕರಪತ್ರ ಕೊಟ್ಟರು. ಬಸುರಿಗೆ ಮೊದಲ ಮೂರು ತಿಂಗಳಲ್ಲಿ ರುಬೆಲ್ಲಾ ಬಂದರೆ ಹುಟ್ಟುವ ಮಗುವಿಗೆ ಏನಾಗಬಹುದು ಅಂತ ಅಚ್ಚಾಗಿತ್ತು.

೧. ಕಿವುಡುತನ. ೨. ಕಣ್ಣಿನ ಪೊರೆ. ೩. ಹೃದಯದಲ್ಲಿ ರಂಧ್ರ.

ವಾಗೀಶನ ತಂಗಿಗೆ ಕಿವಿ ಇಲ್ಲ. ಐದು ತಿಂಗಳ ಕೂಸಾಗಿದ್ದಾಗ ಕಣ್ಣಿನ ಪೊರೆ ತೆಗೆಸಿದರಂತೆ, ಈಗಲೂ ದಪ್ಪ ಕನ್ನಡಕ. ಎದೆಯಲ್ಲಿ ಆಪರೇಷನ್ನಿನ ಗೆರೆ ಇದೆ. ಮೂರಕ್ಕೆ ಮೂರು. ಉತ್ತರ ಪತ್ರಿಕೆ ತಿದ್ದುವ ಕೈ ಸುಮ್ಮನಿರುತ್ತದೆಯೇ, ಪೆನ್ಸಿಲಿನಲ್ಲಿ ಮೂರರ ಮುಂದೆಯೂ "ಲಹರಿ" ಎಂದು ಬರೆದು ಸರಿ ಗುರುತು ಹಾಕಿದೆ. ತಕ್ಷಣ ಕರಪತ್ರವನ್ನು ಮಡಿಸಿ ಬ್ಯಾಗಿಗೆ ಹಾಕಿದೆ.

ಯಾಕೆಂದರೆ ಈ ಮನೆಯಲ್ಲಿ ಲಹರಿಯ ಕಥೆ ಬೇರೆ. ಅತ್ತೆ ಅವಳನ್ನು ಹೊತ್ತಿದ್ದಾಗ ದೀಪಾವಳಿಯ ಮಾರನೆಯ ದಿನ ಸೂರ್ಯಗ್ರಹಣ ಬಂದಿತ್ತು. ಅತ್ತೆ ಮರೆತು ಹೀರೇಕಾಯಿ ಹೆಚ್ಚಿಬಿಟ್ಟರು. ಅದರ ಫಲ ಇದು. ಮೂವತ್ತು ವರ್ಷದಿಂದ ಈ ಮನೆಗೆ ಹೀರೇಕಾಯಿ ತಂದಿಲ್ಲ. ಗೊತ್ತಿಲ್ಲದೆ ನಾನೊಮ್ಮೆ ಮಾರ್ಕೆಟ್ಟಿನಿಂದ ತಂದಾಗ, ಅದು ಬ್ಯಾಗಿನ ಸಮೇತ ಹೊರಗೆ ಹೋಗಿತ್ತು.

ನನ್ನ ಸರದಿ ಬಂದಾಗ ಡಾಕ್ಟರ್ ಕೇಳಿದರು, "ಕೊನೇ ಸಲ ಹೊರಗಾಗಿ ಎಷ್ಟು ದಿನ ಆಯ್ತು?"

"ಹದಿನೆಂಟು."

"ಗರ್ಭ ನಿಂತಿರೋ ಸಾಧ್ಯತೆ ಇದ್ರೆ ಮುಂದಿನ ತಿಂಗಳು ಬನ್ನಿ, ಅವಸರ ಇಲ್ಲ."

ಹಿಂದೆ ನಿಂತಿದ್ದ ಭಾಗ್ಯಮ್ಮ ಮಿಸ್ಸು ಕತ್ತು ಚಾಚಿದರು. ಸಾಲು ಬಿಟ್ಟು ಹೋದರೆ ಮಧ್ಯಾಹ್ನದೊಳಗೆ ಇಡೀ ಸ್ಟಾಫ್ ರೂಮು "ಏನ್ರೀ ವಿಶೇಷ?" ಅಂತ ಶುರು ಮಾಡುತ್ತದೆ. ಹದಿನಾಲ್ಕು ತಿಂಗಳು ಆಗದ್ದು ಈ ತಿಂಗಳೇ ಆಗಿಬಿಡುತ್ತದೆಯೇ? ಸಾಧ್ಯತೆ ಇಲ್ಲ ಮೇಡಂ ಎಂದು ತೋಳು ಕೊಟ್ಟೆ. ಇನ್ನು ಒಂದು ತಿಂಗಳು ಗರ್ಭ ನಿಲ್ಲಬಾರದಂತೆ.

ಮನೆಯಲ್ಲಿ ಹೇಳುವ ಹಾಗಿಲ್ಲ. ರುಬೆಲ್ಲಾ ಅಂದರೆ ಯಾಕೆ ಅನ್ನುತ್ತಾರೆ, ಯಾಕೆ ಅಂದರೆ ಲಹರಿಯನ್ನು ತೋರಿಸಬೇಕಾಗುತ್ತದೆ. ಅದಕ್ಕೊಂದು ಉಪಾಯ ಹೂಡಿದೆ. "ಅತ್ತೆ, ಗಣೇಶನ ಹಬ್ಬದವರೆಗೆ ಒಂದು ವ್ರತ ಹಿಡೀತೀನಿ, ಒಬ್ಬಳೇ ಚಾಪೆ ಮೇಲೆ ಮಲಗ್ತೀನಿ" ಎಂದೆ. ಸರಿಯಾಗಿ ಇಪ್ಪತ್ತೆಂಟು ದಿನ. ಅತ್ತೆಯ ಕಣ್ಣಲ್ಲಿ ನೀರು ಬಂತು. "ನಿನಗೇ ತೋಚಿತಲ್ಲೇ" ಎಂದರು. ವಾಗೀಶ ನನ್ನನ್ನು ವಿಚಿತ್ರವಾಗಿ ನೋಡಿದ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಆಗಸ್ಟ್ ೮, ಶುಕ್ರವಾರ

ವರಮಹಾಲಕ್ಷ್ಮಿ. ಹದಿನೇಳು ಮನೆಯ ಹೆಂಗಸರು ಬಂದು ಹೋದರು. ಸೊಸೆ ವ್ರತ ಹಿಡಿದಿದ್ದಾಳೆ ಎಂದು ಅತ್ತೆ ಹದಿನೇಳು ಸಲ ಹೇಳಿದರು. ಹೋಗುವಾಗ ಎಲ್ಲರೂ ನನ್ನ ಹೊಟ್ಟೆಯ ಕಡೆ ಒಂದು ನೋಟ ಹಾಕಿ, ಆಮೇಲೆ ಮೂಲೆಯಲ್ಲಿ ಕೂತು ಯಾರದೋ ಸೀರೆಗೆ ಕುಚ್ಚು ಕಟ್ಟುತ್ತಿದ್ದ ಲಹರಿಯ ಕಡೆ ಒಂದು ನೋಟ ಹಾಕಿದರು. ಎರಡನೆಯ ನೋಟದ ಅರ್ಥ ನನಗೆ ಗೊತ್ತು. ಈ ಸಲ ಹಾಗೆ ಆಗದಿರಲಿ ಅಂತ.

ಅವಳ ಕೆಲಸ ಚೆನ್ನಾಗಿದೆ, ಒಪ್ಪಿಕೊಳ್ಳಬೇಕು. ದೇವರಾಜ ಮೊಹಲ್ಲಾದ ಎರಡು ಸೀರೆ ಅಂಗಡಿಗಳು ಅವಳಿಗೇ ಕೊಡುತ್ತವೆ. ಕಣ್ಣು ಅಷ್ಟಾಗಿ ಸಾಲದು, ಬೆರಳಿನಲ್ಲೇ ದಾರ ಎಣಿಸುತ್ತಾಳೆ.

ಆಗಸ್ಟ್ ೧೮, ಸೋಮವಾರ

ಎರಡು ಗೆರೆ.

ಇನ್ನೊಂದು ಕಿಟ್ ತಂದು ನೋಡಿದೆ. ಎರಡು ಗೆರೆ.

ಆಗಸ್ಟ್ ೧೯, ಮಂಗಳವಾರ

ನಾನು ಹೇಳುವ ಮೊದಲೇ ಅತ್ತೆ ಕ್ಯಾಲೆಂಡರಿನಲ್ಲಿ ಒಂಬತ್ತು ದಿನ ಎಣಿಸಿಬಿಟ್ಟಿದ್ದರು. ಬೆಳಿಗ್ಗೆ ಕಾಫಿ ವಾಸನೆಗೆ ನಾನು ಬಚ್ಚಲಿಗೆ ಓಡಿದ್ದೇ ಸಾಕಾಯಿತು. ಸಕ್ಕರೆ ಬಾಯಿಗೆ ಹಾಕಿದರು. ಮಾವ ಪಂಚಾಂಗ ತೆಗೆದು, ಏಪ್ರಿಲ್ ಎಂದರು. "ನಿನ್ನ ವ್ರತ ಕಣೇ, ನಿನ್ನ ವ್ರತ ಫಲಿಸ್ತು" ಎಂದು ಅತ್ತೆ ನನ್ನನ್ನು ತಬ್ಬಿಕೊಂಡರು. ಈ ಮನೆಗೆ ಬಂದ ಮೇಲೆ ಮೊದಲ ಸಲ ತಬ್ಬಿಕೊಂಡದ್ದು. ವ್ರತಕ್ಕೂ ಮುಂಚೆಯೇ ನಿಂತ ಗರ್ಭ ಇದು, ಲೆಕ್ಕ ಬರುವವರು ಯಾರೂ ಇಲ್ಲವೇ ಇಲ್ಲಿ?

ಅಮ್ಮನಿಗೆ ಫೋನು ಮಾಡಿದೆ. "ಅಯ್ ನನ್ ಕಂದ! ಹೋಟ್ಲು ಮುಚ್ಬುಟ್ಟು ಈಗ್ಲೇ ಬಂದ್ಬುಡ್ಲಾ?" ಎಂದಳು. ಬೇಡ ಎಂದೆ. "ಯಾಕವ್ವ ದನಿ ಅಂಗೈತೆ?" ನೆಗಡಿ ಎಂದೆ.

ಆಗಸ್ಟ್ ೨೨, ಶುಕ್ರವಾರ

ಡಾಕ್ಟರ್ ಚಾಮುಂಡೇಶ್ವರಿಯ ಮುಂದೆ ಹೋಗಲು ಮುಖ ಇರಲಿಲ್ಲ. ಸುಳ್ಳು ಹೇಳಿ ಸೂಜಿ ಚುಚ್ಚಿಸಿಕೊಂಡವಳು ನಾನು. ಅದಕ್ಕೆ ಯಾರೂ ಗುರುತಿಲ್ಲದ ಒಂದು ನರ್ಸಿಂಗ್ ಹೋಮಿಗೆ ಹೋದೆ. ಅಲ್ಲಿನ ಡಾಕ್ಟರಮ್ಮನಿಗೆ ನನ್ನಷ್ಟೇ ವಯಸ್ಸು. ಲಸಿಕೆ ಕಾರ್ಡು ನೋಡಿ ಹುಬ್ಬು ಏರಿಸಿದರು.

"ಲೈವ್ ವ್ಯಾಕ್ಸೀನ್! ಜೀವ ಇರೋ ವೈರಸ್ಸು ಇದು. ಯಾರ್ರೀ ಹಾಕಿದ್ದು? ಮಗೂಗೆ ಏನಾಗುತ್ತೆ ಅಂತ ನಾನು ಗ್ಯಾರಂಟಿ ಕೊಡೋಕಾಗಲ್ಲ. ಇನ್ನೂ ಆರು ವಾರ ಅಷ್ಟೇ. ರಿಸ್ಕ್ ಯಾಕೆ ತಗೋತೀರಿ? ತೆಗೆಸಿ, ಮೂರು ತಿಂಗಳು ಬಿಟ್ಟು ಮತ್ತೆ ನೋಡಿ."

ತೆಗೆಸಿ. ಹಲ್ಲು ತೆಗೆಸಿ ಅಂದ ಹಾಗೆ. ಹೊರಗೆ ಬೆಂಚಿನ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ. ನನಗೆ ಈ ಮಗು ಬೇಕು. ಬೇಡದಿದ್ದರೆ ಮಾತೇ ಬೇರೆ, ನಿಶ್ಚಿಂತೆಯಾಗಿ ಹೋಗಿ ಬರುತ್ತಿದ್ದೆ. ನನಗೆ ಬೇಕು. ಆದರೆ ನಾನು ಕಣ್ಣು ಮುಚ್ಚಿದರೆ ದಪ್ಪ ಕನ್ನಡಕದ ಒಂದು ಕೂಸು ಕಾಣುತ್ತದೆ. ಹಾಗೆ ಹುಟ್ಟಿದರೆ ಈ ಮನೆಯವರು ಗ್ರಹಣವನ್ನೂ ಹುಡುಕುವುದಿಲ್ಲ, ಹೊರಗಿನಿಂದ ತಂದ ರಕ್ತ ಅನ್ನುತ್ತಾರೆ. ಅನ್ನದಿದ್ದರೂ ನಿಟ್ಟುಸಿರು ಬಿಡುತ್ತಾರೆ.

ಆಗಸ್ಟ್ ೨೪, ಭಾನುವಾರ

ವಾಗೀಶನಿಗೆ ಹೇಳಿದೆ. ಮನೆಯಲ್ಲಿ ಹೇಳಲು ಜಾಗವಿಲ್ಲವೆಂದು ಕುಕ್ಕರಹಳ್ಳಿ ಕೆರೆಗೆ ವಾಕಿಂಗ್ ಎಂದು ಕರೆದುಕೊಂಡು ಹೋದೆ. ಸೂಜಿ, ಸಾಲು, ವ್ರತ, ನರ್ಸಿಂಗ್ ಹೋಮು, ಎಲ್ಲವನ್ನೂ ಹೇಳಿದೆ. ಕರಪತ್ರದ ಪಟ್ಟಿಯನ್ನೂ ಹೇಳಿದೆ. ಅವನು ಪಾಲಿಟೆಕ್ನಿಕ್ಕಿನಲ್ಲಿ ಹುಡುಗರಿಗೆ ಯಂತ್ರಗಳ ಪಾಠ ಹೇಳುವವನು, ಎಲ್ಲವನ್ನೂ ಬಿಡಿಸಿ ನೋಡುವ ಮನುಷ್ಯ. ಕೇಳಿ ಕೆರೆಯ ಕಡೆ ತಿರುಗಿದ.

"ನಾಲ್ಕು ವರ್ಷದವನಿಂದ ನಾನು ಅವಳ ಕಿವಿ ಕಣೇ" ಎಂದ. "ಸ್ಕೂಲಲ್ಲಿ, ಬ್ಯಾಂಕಲ್ಲಿ, ಆಸ್ಪತ್ರೇಲಿ, ಬಸ್ಸಲ್ಲಿ. ಹುಡುಗರು ಅವಳನ್ನ ಆಡಿಕೊಂಡದ್ದನ್ನ ಕೇಳಿಸ್ಕೊಂಡೋನು ನಾನು, ಅವಳಲ್ಲ. ಇನ್ನೊಬ್ಬ ಲಹರಿ ನನ್ನ ಕೈಲಿ ಆಗಲ್ಲ."

ಅವನ ಮೇಲೆ ಸಿಟ್ಟು ಬರಲಿಲ್ಲ. ಅದೇ ಮಾತು ನನ್ನೊಳಗೂ ಇತ್ತು, ಅವನು ಬಾಯಿಬಿಟ್ಟ ಅಷ್ಟೇ.

"ಅಮ್ಮನಿಗೆ ಹೇಳೋದು ಬೇಡ. ಬಿದ್ದುಹೋಯ್ತು ಅಂದ್ಬಿಡೋಣ" ಎಂದ.

ಆಗಸ್ಟ್ ೨೭, ಬುಧವಾರ

ಗಣೇಶನ ಹಬ್ಬ. ಇಪ್ಪತ್ತೆಂಟು ದಿನ ಇವತ್ತಿಗೆ ಮುಗಿಯಿತು. ಕಡುಬು ಒಂದೂ ಒಳಗೆ ನಿಲ್ಲಲಿಲ್ಲ.

ಸೆಪ್ಟೆಂಬರ್ ೧, ಸೋಮವಾರ

ಕೊನೆಗೂ ಡಾಕ್ಟರ್ ಚಾಮುಂಡೇಶ್ವರಿಯ ಹತ್ತಿರ ಹೋದೆ. ಸುಳ್ಳು ಹೇಳಿದ್ದೆ ಎಂದೆ. ಬೈದರು. ನನಗಿಂತ ಹೆಚ್ಚಾಗಿ ತಮ್ಮನ್ನೇ ಬೈದುಕೊಂಡರು, ಸಾಲಿನಲ್ಲಿ ಎಲ್ಲರ ಮುಂದೆ ಆ ಪ್ರಶ್ನೆ ಕೇಳಬಾರದಿತ್ತು ಎಂದು. ಆಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

"ನೋಡಮ್ಮ, ಕಾಯಿಲೆ ಬೇರೆ, ಲಸಿಕೆ ಬೇರೆ. ಕಾಯಿಲೆ ಬಂದ್ರೆ ಮಗೂಗೆ ಕಷ್ಟ, ಅದು ನಿಜ. ಆದ್ರೆ ನಿನ್ನ ಹಾಗೆ ಗೊತ್ತಿಲ್ದೆ ಲಸಿಕೆ ಹಾಕಿಸ್ಕೊಂಡೋರು ಪ್ರಪಂಚದಲ್ಲಿ ಸಾವಿರಾರು ಜನ ಇದಾರೆ. ಅವರ ಮಕ್ಕಳನ್ನ ಹಿಂಬಾಲಿಸಿ ನೋಡಿದಾರೆ. ಲಸಿಕೆಯಿಂದ ಆ ಊನ ಬಂದದ್ದು ಕಂಡಿಲ್ಲ. ಮುಂಜಾಗ್ರತೆಗೆ ಒಂದು ತಿಂಗಳು ಅಂತೀವಿ, ಅಷ್ಟೇ. ಇದಕ್ಕೋಸ್ಕರ ಗರ್ಭ ತೆಗೆಸ್ಬೇಕು ಅಂತ ಎಲ್ಲೂ ಹೇಳಿಲ್ಲ."

"ಹಾಗಾದ್ರೆ ಅಪಾಯ ಸೊನ್ನೆ ಅಂತ ಬರೆದು ಕೊಡ್ತೀರಾ ಮೇಡಂ?"

"ಇಲ್ಲ ಕಣಮ್ಮ. ಲಸಿಕೇನೇ ಹಾಕಿಸ್ಕೊಳ್ಳದ ಬಸುರಿಗೂ ಸೊನ್ನೆ ಅಂತ ಬರೆದು ಕೊಡಲ್ಲ."

ಸ್ಕೂಟರಿನಲ್ಲಿ ಬರುವಾಗ ಅರ್ಧ ದಾರಿ ಹಗುರಾಗಿದ್ದೆ. ಮನೆ ಹತ್ತಿರವಾದಂತೆ ಆ ಒಂದು ಸೊನ್ನೆ ಮಾತ್ರ ನೆನಪಿಗೆ ಬರತೊಡಗಿತು. ವಾಗೀಶನಿಗೆ ಹೇಳಿದಾಗ ಅವನೂ ಅದನ್ನೇ ಹಿಡಿದುಕೊಂಡ. "ಬರೆದು ಕೊಡಲ್ಲ ಅಂದ್ರಲ್ಲ?"

ಸೆಪ್ಟೆಂಬರ್ ೪, ಗುರುವಾರ

ಎಂಟನೆಯ ತಾರೀಕು, ಸೋಮವಾರ, ಹತ್ತು ಗಂಟೆ. ತೆಗೆಸಲು ನರ್ಸಿಂಗ್ ಹೋಮಿನವರು ಚೀಟಿ ಕೊಟ್ಟಿದ್ದಾರೆ. ಅದೂ ಸೀರೆಗಳ ಕೆಳಗೆ ಸೇರಿತು, ಕರಪತ್ರದ ಪಕ್ಕ.

ಅತ್ತೆ ನನ್ನ ನೀಲಿ ಮೈಸೂರು ಸಿಲ್ಕ್ ಸೀರೆಗೆ ಕುಚ್ಚು ಹಾಕಿಸಬೇಕು, ಸೀಮಂತಕ್ಕೆ ಉಡಬೇಕು ಎನ್ನುತ್ತಿದ್ದಾರೆ. ಸೀಮಂತ. ಎಲ್ಲಿಗೆ ತಿರುಗಿದರೂ ಯಾರಾದರೂ ಬಾಳೆಹಣ್ಣು ಹಿಡಿದು ನಿಂತಿರುತ್ತಾರೆ. ಸಿಟಿ ಬಸ್ಸಿನಲ್ಲಿ ಕೊನೆಯ ಸ್ಟಾಪಿನವರೆಗೂ ಹೋಗಿ ಮತ್ತೆ ವಾಪಸು ಬಂದೆ, ಇಳಿಯುವ ಜಾಗವೇ ತೋಚಲಿಲ್ಲ.

ಸೆಪ್ಟೆಂಬರ್ ೬, ಶನಿವಾರ

ಲಹರಿ ಬೆಳಗಿನಿಂದ ಒಂದು ಸಲವೂ ಸ್ವಿಚ್ಚು ಒತ್ತಿಲ್ಲ. ಏನಾಗಿದೆಯೋ. ಮನೆ ಬಿಕೋ ಎನ್ನುತ್ತಿದೆ.

ಸೆಪ್ಟೆಂಬರ್ ೭, ಭಾನುವಾರ

ಮಧ್ಯಾಹ್ನ ಎರಡು ಗಂಟೆ. ರಾತ್ರಿ ಚಂದ್ರಗ್ರಹಣ. ಅದಕ್ಕೆ ಒಂದು ಗಂಟೆಗೇ ನನ್ನನ್ನು ಹಿಂದಿನ ಕೋಣೆಗೆ ಹಾಕಿದ್ದಾರೆ. ಕಿಟಕಿಗೆ ಕಂಬಳಿ, ಬಾಗಿಲ ಸಂದಿಗೆ ಹಳೇ ಪಂಚೆ. ನೀರಿಗೆ, ಮೊಸರಿಗೆ, ಉಪ್ಪಿನಕಾಯಿಗೆ ದರ್ಭೆ ಬಿದ್ದಿದೆ. ಚಾಕು, ಕತ್ತರಿ, ಸೂಜಿ ಎಲ್ಲ ಅಟ್ಟಕ್ಕೆ ಹೋಗಿವೆ. ನಾಳೆ ಬೆಳಿಗ್ಗೆವರೆಗೆ ಏನನ್ನೂ ಹೆಚ್ಚಬಾರದು, ಹೊಲಿಯಬಾರದು, ಆಚೆ ನೋಡಬಾರದು. ನಾಳೆ ಹತ್ತು ಗಂಟೆಗೆ ತೆಗೆಸಲಿರುವ ಮಗುವನ್ನು ಇವತ್ತು ಚಂದ್ರನಿಂದ ಕಾಪಾಡುತ್ತಿದ್ದೇವೆ. ನಗು ಬರುತ್ತಿದೆ, ಅಳುವೂ ಬರುತ್ತಿದೆ. ಮೊಬೈಲ್ ಬೆಳಕಿನಲ್ಲಿ ಬರೆಯುತ್ತಿದ್ದೇನೆ. ಸೆಕೆ, ಕಂಬಳಿಯ ನುಸಿಗುಳಿಗೆ ವಾಸನೆ.

ಸಂಜೆ ಏಳು ಗಂಟೆ. ಎಲ್ಲವನ್ನೂ ಬರೆಯುತ್ತೇನೆ.

ನಾಲ್ಕು ಗಂಟೆಯ ಹೊತ್ತಿಗೆ ಬಾಗಿಲು ತೆರೆದು ಲಹರಿ ಒಳಗೆ ಬಂದಳು. ಸೂಜಿ ಅಟ್ಟಕ್ಕೆ ಹೋದ ದಿನ ಅವಳಿಗೂ ಕೆಲಸವಿಲ್ಲ. ಚಾಪೆಯ ಮೇಲೆ ನನ್ನೆದುರು ಕೂತು, ರವಿಕೆಯೊಳಗಿನಿಂದ ಮಡಿಸಿದ ಕಾಗದ ತೆಗೆದಳು. ಕರಪತ್ರ. ಅದರೊಳಗೆ ನರ್ಸಿಂಗ್ ಹೋಮಿನ ಚೀಟಿ. ನೀಲಿ ಸೀರೆ ತೆಗೆಯಲು ಅತ್ತೆ ಅವಳನ್ನೇ ಕಳಿಸಿದ್ದರಂತೆ.

ತನ್ನ ಮೊಬೈಲಿನಲ್ಲಿ ಟೈಪ್ ಮಾಡಿ ತೋರಿಸಿದಳು. "ನಾಳೆ ೧೦ ಗಂಟೆ ಆಸ್ಪತ್ರೆ. ಯಾಕೆ ಅತ್ತಿಗೆ?"

ಸುಳ್ಳು ಹೇಳುವುದು ನನಗೆ ಈಗೀಗ ಸಲೀಸು. ಆದರೆ ಅವಳು ತುಟಿ ನೋಡುವುದಿಲ್ಲ, ಕಣ್ಣು ನೋಡುತ್ತಾಳೆ. "ಮಗುವಿಗೆ ತೊಂದರೆ ಇರಬಹುದು ಅಂತ ಭಯ" ಎಂದು ಟೈಪ್ ಮಾಡಿದೆ.

ಅವಳು ಅದನ್ನು ಓದಿದಳು. ಆಮೇಲೆ ಕರಪತ್ರ ಬಿಡಿಸಿ, ನನ್ನ ಪೆನ್ಸಿಲಿನ ಅಕ್ಷರದ ಮೇಲೆ ಬೆರಳಿಟ್ಟಳು. ಒಂದರ ಮುಂದೆ ಲಹರಿ. ಎರಡರ ಮುಂದೆ ಲಹರಿ. ಮೂರರ ಮುಂದೆ ಲಹರಿ. ಮೊಬೈಲ್ ಎತ್ತಿಕೊಂಡಳು.

"ತೊಂದರೆ ಅಂದ್ರೆ ನಾನು?"

ನಾಚಿಕೆಯಾಯಿತು. ಇಷ್ಟು ದಿನ ನಾನು ಹೆದರಿದ್ದು ಇವಳಿಗೇ, ನಾಲ್ಕು ಹೊತ್ತು ನನ್ನನ್ನು ಊಟಕ್ಕೆ ಕರೆಯುವ ಇವಳಿಗೇ. ಆಗ ಅವಳ ಅಂಗೈ ನೆಲಕ್ಕೆ ಹೋಯಿತು. ಮನೆಯ ಹಿಂದಿನ ಹಳಿಯಲ್ಲಿ ನಂಜನಗೂಡಿನ ಕಡೆಯಿಂದ ಬರುವ ರೈಲು, ನೆಲ ಅದುರುವುದರಿಂದಲೇ ಅವಳಿಗೆ ನನಗಿಂತ ಮೊದಲೇ ಗೊತ್ತಾಗುತ್ತದೆ. ನಾನೂ ಅಂಗೈ ಇಟ್ಟೆ. ರೈಲು ದಾಟುವವರೆಗೆ ಹಾಗೇ ಕೂತಿದ್ದೆವು.

ಅಷ್ಟರಲ್ಲಿ ಅತ್ತೆ ಬಂದರು, ಕೈಯಲ್ಲಿ ದರ್ಭೆ. ಪ್ರತಿ ಗ್ರಹಣಕ್ಕೂ ಅವರು ಹೀಗೆ ಮಾಡುತ್ತಾರೆ, ಲಹರಿಯ ಎರಡು ಕಿವಿಗೂ ದರ್ಭೆ ಮುಟ್ಟಿಸಿ ತಪ್ಪಾಯಿತು ತಪ್ಪಾಯಿತು ಎಂದು ಅಳುತ್ತಾರೆ. ಇವತ್ತು ಲಹರಿ ಕಿವಿ ಕೊಡಲಿಲ್ಲ. ತಾಯಿಯ ಕೈ ಹಿಡಿದು, ಅದರಲ್ಲಿ ಕರಪತ್ರ ಇಟ್ಟಳು.

ಅತ್ತೆಗೆ ಕನ್ನಡಕವಿಲ್ಲದೆ ಓದಲಾಗುವುದಿಲ್ಲ. "ಏನೇ ಇದು? ಓದು" ಎಂದರು ನನಗೆ.

ಓದಿದೆ. ಸಣ್ಣ ಜ್ವರ. ಮುಖದಿಂದ ಶುರುವಾಗಿ ಮೈಗೆ ಇಳಿಯುವ ಕೆಂಪು ದದ್ದು, ಮೂರು ದಿನ. ಕಿವಿಯ ಹಿಂದೆ ಗಂಟು. ಬಸುರಿಗೆ ಮೊದಲ ತಿಂಗಳುಗಳಲ್ಲಿ ಬಂದರೆ...

ಅತ್ತೆಯ ಕೈ ತಮ್ಮ ಕಿವಿಯ ಹಿಂದಕ್ಕೆ ಹೋಗಿತ್ತು. ಗೋಡೆ ಹಿಡಿದುಕೊಂಡು ಕೂತರು.

"ಇತ್ತು" ಎಂದರು. "ಗಂಟು ಇತ್ತು. ದದ್ದೂ ಇತ್ತು."

ಆಮೇಲೆ ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದಿಡುತ್ತೇನೆ.

"ಆ ವರ್ಷದ ದಸರಾ. ಗೊಂಬೆ ಕೂರಿಸೋ ಅಧಿಕಾರ ಮೊದಲ್ನೇ ಸಲ ನನ್ನ ಕೈಗೆ ಬಂದಿತ್ತು ಕಣೇ, ನಮ್ಮತ್ತೆ ಐದು ವರ್ಷ ಮುಟ್ಟೋಕೆ ಬಿಟ್ಟಿರ್ಲಿಲ್ಲ. ಮೂರ್ನೇ ದಿನ ಮೈಮೇಲೆ ಕೆಂಪಗೆ ಎದ್ದಿತು. ಹೇಳಿದ್ರೆ ಮನೆಗೆ ಅಮ್ಮ ಬಂದಿದೆ ಅಂತ ಆರತಿ ನಿಲ್ಲಿಸಿ, ಗೊಂಬೆ ಎಲ್ಲಾ ಇಳಿಸಿ, ನನ್ನನ್ನ ಇದೇ ಕೋಣೇಲಿ ಬೇವಿನ ಸೊಪ್ಪಿನ ಮೇಲೆ ಮಲಗಿಸ್ತಿದ್ರು. ಉದ್ದ ತೋಳಿನ ರವಿಕೆ ಹಾಕ್ಕೊಂಡೆ. ಮುಖಕ್ಕೆ ಪೌಡರ್ ಬಳ್ಕೊಂಡೆ. ಮೂರು ದಿನಕ್ಕೆ ಹೋಯ್ತು. ಯಾರಿಗೂ ಗೊತ್ತಾಗ್ಲಿಲ್ಲ."

"ಹಾಗಾದ್ರೆ ಹೀರೇಕಾಯಿ?"

"ಅದೂ ಹೆಚ್ಚಿದ್ದೆ, ಸುಳ್ಳಲ್ಲ. ಮಗೂಗೆ ಕಿವಿ ಕೇಳಲ್ಲ ಅಂತ ಗೊತ್ತಾದಾಗ, ಗ್ರಹಣದಲ್ಲಿ ಏನಾದ್ರೂ ಮಾಡಿದ್ಯಾ ಅಂತ ನಿಮ್ಮಾವ ಕೇಳಿದ್ರು. ಹೀರೇಕಾಯಿ ಅಂದೆ. ಗೊಂಬೆ ಆಸೆಗೆ ಅಮ್ಮನನ್ನೇ ಬಚ್ಚಿಟ್ಟೆ ಅಂತ ಯಾವ ಬಾಯಲ್ಲಿ ಹೇಳ್ಲಿ? ಹೀರೇಕಾಯಿಗೆ ಎಲ್ರೂ ಪಾಪ ಅಂದ್ರು. ಬಚ್ಚಿಟ್ಟಿದ್ದಕ್ಕೆ ತಾಯಿ ಮುನಿದು ನನ್ನ ಮಗಳ ಕಿವಿ ಕಿತ್ಕೊಂಡ್ಳು ಅಂತ ನನಗೊಬ್ಬಳಿಗೇ ಗೊತ್ತಿತ್ತು."

"ಮುನಿಸಲ್ಲ ಅತ್ತೆ, ಕಾಯಿಲೆ" ಎಂದೆ. "ನೀವು ಹೇಳಿದ್ರೂ ಬೇವಿನ ಸೊಪ್ಪಲ್ಲಿ ಅದು ನಿಲ್ತಿರಲಿಲ್ಲ. ಮದುವೆಗೆ ಮುಂಚೆ ನಿಮಗೊಂದು ಸೂಜಿ ಹಾಕಿಸಿದ್ರೆ ನಿಲ್ತಿತ್ತು. ಯಾರೂ ಹಾಕಿಸಲಿಲ್ಲ."

ಅವರು ಗಟ್ಟಿಯಾಗಿ ಅತ್ತರು. ಲಹರಿ ನನ್ನ ತೋಳು ಅಲ್ಲಾಡಿಸುತ್ತಿದ್ದಳು, ಏನಂತೆ ಏನಂತೆ ಎಂದು. ಟೈಪ್ ಮಾಡುತ್ತಾ ಕೂರಲು ತಾಳ್ಮೆ ಇರಲಿಲ್ಲ, ಬಂದಷ್ಟು ಕೈಸನ್ನೆಯಲ್ಲೇ ಹೇಳಿದೆ. ಗೊಂಬೆ, ದದ್ದು, ಮೂರು ದಿನ, ಬಚ್ಚಿಟ್ಟದ್ದು. ಲಹರಿ ಎಲ್ಲವನ್ನೂ ನೋಡಿ ಕೊನೆಗೆ ಉದ್ದವಾಗಿ ಏನನ್ನೋ ಸುಲಿಯುವ ಹಾಗೆ ಮಾಡಿ, ಕೈ ಅಲ್ಲಾಡಿಸಿದಳು. ಹೀರೇಕಾಯಿ ಅಲ್ಲವಾ? ಅಲ್ಲ ಎಂದೆ. ಅವಳಿಗೆ ಸಿಟ್ಟು ಬಂತು, ಚಾಪೆಯನ್ನು ಗುದ್ದಿದಳು. ಆಮೇಲೆ ತಾಯಿಯ ತಲೆಯನ್ನು ತನ್ನ ತೊಡೆಗೆ ಎಳೆದುಕೊಂಡಳು.

"ನೀನ್ಯಾಕೆ ಈ ಕಾಗದ ಇಟ್ಕೊಂಡಿದೀಯ?" ಎಂದು ಅತ್ತೆ ಅಲ್ಲಿಂದಲೇ ಕೇಳಿದರು. ಹೇಳಿಬಿಟ್ಟೆ. ಸೂಜಿಯಿಂದ ಹಿಡಿದು ನಾಳೆ ಹತ್ತು ಗಂಟೆಯವರೆಗೆ. ಬೈಯುತ್ತಾರೆ ಎಂದುಕೊಂಡಿದ್ದೆ.

"ನೀನು ಒಂದೂವರೆ ತಿಂಗಳಿಗೆ ಹೇಳಿದೆ. ನಾನು ಮೂವತ್ತು ವರ್ಷ ತಗೊಂಡೆ" ಎಂದರು. "ನಾಳೆ ವಿಷಯ ನಾನು ಒಂದು ಮಾತೂ ಆಡಲ್ಲ. ನಿನ್ನ ಹೊಟ್ಟೆ ಅದು."

ಸೆಪ್ಟೆಂಬರ್ ೮, ಸೋಮವಾರ

ಒಂಬತ್ತೂವರೆಗೆ ವಾಗೀಶ ಹೆಲ್ಮೆಟ್ ಹಿಡಿದು ಜಗುಲಿಯಲ್ಲಿ ನಿಂತಿದ್ದ. ಲಹರಿ ಚಪ್ಪಲಿ ಹಾಕಿಕೊಂಡು ಅವನ ದಾರಿಗೆ ಅಡ್ಡ ನಿಂತಿದ್ದಳು. ಎಲ್ಲಿಗೆ ಎಂದು ಕೈಯಲ್ಲಿ ಕೇಳಿದಳು. ಸ್ಕೂಲಿಗೆ ಬಿಟ್ಟು ಬರುತ್ತೇನೆ ಎಂದು ಅವನು ಕೈ ಮಾಡಿದ. ಸುಳ್ಳು ಎಂದಳು. ಆಮೇಲೆ ನಿಧಾನವಾಗಿ, ಒಂದೊಂದನ್ನೂ ಬಿಡಿಸಿ ಏನೋ ಕೇಳಿದಳು. ವಾಗೀಶನ ಮುಖ ಬಿಳಿಚಿಕೊಂಡಿತು.

"ಏನಂದಳು?" ಎಂದೆ, ಹಳೇ ಅಭ್ಯಾಸದಿಂದ. ಇಪ್ಪತ್ತೊಂಬತ್ತು ವರ್ಷದಿಂದ ಅವಳ ಮಾತನ್ನು ಎಲ್ಲರಿಗೂ ದಾಟಿಸಿದವನು ಬಾಯಿ ತೆರೆದು ಹಾಗೇ ಮುಚ್ಚಿಕೊಂಡ. ಹೆಗಲ ಮೇಲೆ ಮೂಟೆ ಹೊತ್ತ ಹಾಗೆ ಅವಳು ಮಾಡಿದ್ದು ನಾನೇ ನೋಡಿದ್ದೆ. ನಾನು ನಿನಗೆ ಅಷ್ಟು ಭಾರವಾಗಿದ್ದೆನಾ ಅಣ್ಣ ಎಂದು ಕೇಳಿದ್ದಳು.

"ನಾನು ಬರಲ್ಲ ವಾಗೀಶ" ಎಂದೆ.

ಧೈರ್ಯ ಬಂದು ಅಲ್ಲ. ಭಯ ಹಾಗೇ ಇದೆ. ಡಾಕ್ಟರ್ ಚಾಮುಂಡೇಶ್ವರಿ ಹೇಳಿದ್ದು ನಿಜ ಅಂತ ಆವತ್ತೇ ನನಗೆ ಗೊತ್ತಿತ್ತು, ನಂಬಲು ಯಾಕೋ ಹೆದರಿದ್ದೆ. ಇವತ್ತು ನಂಬಿದೆ. ಅಕಸ್ಮಾತ್ ಅವರು ಸೊನ್ನೆ ಅಂತ ಬರೆದು ಕೊಡದ ಆ ಅಪಾಯವೇ ನಿಜವಾದರೂ, ಬರುವುದು ಏನು? ಲಹರಿ ತಾನೇ. ಅವಳ ಮುಂದೆ ಆ ಬಾಗಿಲು ದಾಟುವುದು ನನ್ನಿಂದ ಆಗಲಿಲ್ಲ.

ವಾಗೀಶ ಹೆಲ್ಮೆಟ್ ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತ. ಅವನ ಜೊತೆ ಇನ್ನೂ ಬಹಳ ಮಾತಾಡುವುದಿದೆ. ಬಿದ್ದುಹೋಯಿತು ಅನ್ನೋಣ ಎಂದ ಮಾತನ್ನು ನಾನು ಬೇಗ ಮರೆಯುವುದಿಲ್ಲ. ಆದರೆ ಲಹರಿ ಪಕ್ಕದಲ್ಲಿ ಕೂತು ಅವನ ಬೆನ್ನು ತಟ್ಟುತ್ತಿದ್ದಳು, ನಾನು ಒಳಗೆ ಹೋಗಿ ಮೂವರಿಗೂ ಕಾಫಿ ಇಟ್ಟೆ. ವಾಸನೆಗೆ ವಾಂತಿಯಾಯಿತು.

ಸೆಪ್ಟೆಂಬರ್ ೨೪, ಬುಧವಾರ

ಗೊಂಬೆ ಕೂರಿಸಿ ಮೂರನೆಯ ದಿನ. ಅತ್ತೆ ಪಟ್ಟದ ಗೊಂಬೆಗಳನ್ನು ಈ ಸಲ ನನ್ನ ಕೈಯಿಂದ, ಲಹರಿಯ ಕೈಯಿಂದ ಇಡಿಸಿದರು. ಸಂಜೆಯ ಆರತಿಗೆ ಬಂದವರಲ್ಲಿ ಅತ್ತೆಯ ತಮ್ಮನ ಮಗಳು ಸುಚಿತ್ರಾ ಇದ್ದಳು. ಕಾರ್ತೀಕದಲ್ಲಿ ಅವಳ ಮದುವೆ. ಕುಂಕುಮ ಕೊಡಲು ಹೋದ ಅತ್ತೆ ಬಟ್ಟಲು ಹಿಡಿದುಕೊಂಡು ಹಾಗೇ ನಿಂತರು. ಎಲ್ಲರೂ ನೋಡತೊಡಗಿದರು.

"ಸುಚಿತ್ರಾ, ರುಬೆಲ್ಲಾ ಸೂಜಿ ಹಾಕಿಸ್ಕೊಂಡಿದೀಯಾ?"

"ಏನತ್ತೆ ಅದು?"

"ನನಗೂ ಗೊತ್ತಿರ್ಲಿಲ್ಲ. ಮದುವೆಗೆ ಒಂದು ತಿಂಗಳಿಗೂ ಮುಂಚೆ ಹಾಕಿಸ್ಕೋಬೇಕು, ನಾಳೆ ಗಗನ ಕರ್ಕೊಂಡು ಹೋಗ್ತಾಳೆ." ಆಮೇಲೆ ದನಿ ಸ್ವಲ್ಪ ಎತ್ತರಿಸಿ, ಬಂದ ಹೆಂಗಸರ ಕಡೆ ತಿರುಗದೆ ಗೊಂಬೆಗಳನ್ನೇ ನೋಡುತ್ತಾ ಹೇಳಿದರು, "ಲಹರಿಗೆ ಆದದ್ದು ಗ್ರಹಣದಿಂದ ಅಲ್ಲ ಕಣ್ರೀ. ನನಗೆ ಕಾಯಿಲೆ ಬಂದಿತ್ತು." ಇಷ್ಟು ಹೇಳಿ ಕುಂಕುಮ ಕೊಟ್ಟರು. ಬಾಗಿಲ ಹತ್ತಿರ ಕೂತಿದ್ದ ಮಾವ ಪಂಚಾಂಗ ಮಡಿಸಿಟ್ಟು ಎದ್ದು ಆಚೆ ಹೋದವರು, ಅರ್ಧ ಗಂಟೆ ಬಿಟ್ಟು ಮಾರ್ಕೆಟ್ಟಿನಿಂದ ಒಂದು ಕೇಜಿ ಹೀರೇಕಾಯಿ ಹಿಡಿದು ಬಂದರು. ಯಾರ ಮುಖವನ್ನೂ ನೋಡದೆ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟರು.

ಹೆಚ್ಚಿದ್ದು ಲಹರಿ. ಬಜ್ಜಿ ಕರಿದದ್ದು ಅತ್ತೆ. ಮೊದಲ ಎಂಟು ಸೀದುಹೋದವು.

ನಾಳಿದ್ದು ಸ್ಕ್ಯಾನ್ ಇದೆ. ನಿದ್ದೆ ಸರಿಯಾಗಿ ಬರುತ್ತಿಲ್ಲ. ಏಪ್ರಿಲ್ಲಿನವರೆಗೆ ಬರುವುದೂ ಇಲ್ಲ ಅಂತ ಕಾಣುತ್ತದೆ.

ಲಹರಿ ಕರಪತ್ರವನ್ನು ವಾಪಸು ಕೊಟ್ಟಿದ್ದಾಳೆ, ಈ ಡೈರಿಯಲ್ಲೇ ಇಟ್ಟಿದ್ದೇನೆ. ಅಚ್ಚಾದ ಮೂರರ ಕೆಳಗೆ ತಾನೇ ಪೆನ್ನಿನಲ್ಲಿ ಮುಂದುವರಿಸಿದ್ದಾಳೆ. ೪. ಕುಚ್ಚು, ಮೈಸೂರಿಗೇ ಫಸ್ಟ್. ೫. ಸಿಟ್ಟು ಜಾಸ್ತಿ. ೬. ಹೀರೇಕಾಯಿ ಬಜ್ಜಿ ಹನ್ನೊಂದು ತಿಂದಳು. ಎಲ್ಲದರ ಮುಂದೆಯೂ ನನ್ನ ಹಾಗೆಯೇ "ಲಹರಿ" ಎಂದು ಬರೆದು ಸರಿ ಗುರುತು ಹಾಕಿಕೊಂಡಿದ್ದಾಳೆ. ಆಮೇಲೆ ಏಳು ಎಂದು ಬರೆದು ಮುಂದೆ ಏನೂ ಬರೆದಿಲ್ಲ.

ಇದೇನು ಅಂತ ಕೇಳಬೇಕಿತ್ತು. ಅವಳು ನಡುಮನೆಯಲ್ಲಿ ಬೆನ್ನು ಹಾಕಿ ನೀಲಿ ಸೀರೆಗೆ ಕುಚ್ಚು ಕಟ್ಟುತ್ತಿದ್ದಳು. ಸ್ವಿಚ್ಚು ಮೂರು ಸಲ ಒತ್ತಿದೆ. ತಿರುಗಿದಳು. ಏಳನ್ನು ತೋರಿಸಿದೆ. ಅವಳು ನನ್ನ ಹೊಟ್ಟೆಯ ಕಡೆ ಬೆರಳು ಮಾಡಿ, ಗಾಳಿಯಲ್ಲಿ ಬರೆದು ತೋರಿಸಿದಳು. ಅದೇ ಬಂದು ಬರೆಯಲಿ ಎಂದಳು, ಮತ್ತೆ ದಾರ ಎಣಿಸಲು ಕೂತಳು.